ಎರಡಾಣೆಯ ಬಂಡವಾಳ

1906ನೆಯ ಇಸವಿಯ ಮಾರ್ಚ್ ತಿಂಗಳ 12ನೆಯ ತಾರೀಖು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಆರಂಭವಾದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಎಂಬ ಸಂಸ್ಥೆಯು, 5,000 ರೂಪಾಯಿಗಳ ಮೂಲಧನವನ್ನು ನೆಚ್ಚಿಕೊಂಡು ಬಾಗಿಲು ತೆರೆದು, ಮೊದಲನೆಯ ದಿನದ ವ್ಯವಹಾರವನ್ನು ಮುಗಿಸಿ ಲೆಕ್ಕ ಕಟ್ಟಿದಾಗ ಅದರ ವಶದಲ್ಲಿ ಕಂಡುಬಂದದ್ದು 38 ರೂಪಾಯಿ 13 ಆಣೆ 2 ಪೈ. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂಬ ಹೆಸರಿನಿಂದ ದೇಶದ ಉದ್ದಗಲಕ್ಕೂ ಶಾಖೆಗಳನ್ನು ಚಾಚಿದ ಆ ಸಂಸ್ಥೆಯ ಚರಿತ್ರೆಯನ್ನು ಹೇಳತಕ್ಕವರೆಲ್ಲರೂ ಈ ಅಂಕಿಯನ್ನು ಅಭಿಮಾನದಿಂದಲೇ ಉಲ್ಲೇಖಿಸಿರುವರಾದರೂ, ಓದುವವರ ಕಣ್ಣು ಸಾಮಾನ್ಯವಾಗಿ 38 ರೂಪಾಯಿಗಳ ಅಲ್ಪತೆಯ ಮೇಲೆ ಕ್ಷಣಕಾಲ ನಿಂತು ಮುಂದಕ್ಕೆ ಹೋಗಿಬಿಡುತ್ತದೆ. ನನಗಾದರೋ ಕುತೂಹಲವನ್ನುಂಟುಮಾಡುವುದು ಕೊನೆಯ ಎರಡು ಪೈಗಳು. ಆಣೆಯೊಂದಕ್ಕೆ ಹನ್ನೆರಡು, ರೂಪಾಯಿಯೊಂದಕ್ಕೆ ನೂರ ತೊಂಬತ್ತೆರಡು ಪೈಗಳು ಸಲ್ಲುತ್ತಿದ್ದ ಆ ಕಾಲದಲ್ಲಿ, ಅಷ್ಟು ಚಿಲ್ಲರೆಯನ್ನೂ ಬಿಡದೆ ಬರೆದು ಶಿಲ್ಕು ತೋರಿಸಿದ ಗುಮಾಸ್ತನು ಯಾರಾಗಿದ್ದನೋ, ಆ ಸೀಮೆಯ ವಾಣಿಜ್ಯಬುದ್ಧಿಯನ್ನು ಅವನಿಗಿಂತ ಸಂಕ್ಷೇಪವಾಗಿ ನಿರೂಪಿಸಿದವರು ಇಲ್ಲ.

ವ್ಯಾಪಾರದಲ್ಲಿ ಮುಂದೆ ಬರುವುದಕ್ಕೂ ಆತ್ಮೋನ್ನತಿಯನ್ನು ಸಾಧಿಸುವುದಕ್ಕೂ ದಿನಕ್ಕೊಂದರಂತೆ ಪಾಠ ಹೇಳುವ ಪುಸ್ತಕಗಳು ಇಂದು ರೈಲು ನಿಲ್ದಾಣದ ಅಂಗಡಿಗಳಲ್ಲಿ ಕೂಡ ರಾಶಿ ಬಿದ್ದಿವೆ. ಅವುಗಳಲ್ಲಿ ಬಹುಭಾಗವು ದೃಢಸಂಕಲ್ಪ, ಮಿತವ್ಯಯ, ಕಾಲನಿಷ್ಠೆ ಮೊದಲಾದ ಗುಣಗಳನ್ನು ಒಬ್ಬೊಬ್ಬ ಮನುಷ್ಯನ ಎದೆಯೊಳಗೆ ಹುದುಗಿರುವ ಸ್ವಂತ ಸ್ವತ್ತುಗಳೆಂದು ಭಾವಿಸಿ, ಅವನ್ನು ಅಗೆದು ತೆಗೆದುಕೊಳ್ಳಿರೆಂದು ಉಪದೇಶಿಸುತ್ತವೆ. ದಕ್ಷಿಣ ಕನ್ನಡ ಜಿಲ್ಲೆಯ ನೂರಿಪ್ಪತ್ತು ವರ್ಷಗಳ ಲೇವಾದೇವಿಯ ಚರಿತ್ರೆಯನ್ನು ನೋಡಿದವನಿಗೆ ಈ ನಂಬಿಕೆಯಲ್ಲಿ ಸಂದೇಹವುಂಟಾಗದೆ ಇರದು. ಅಲ್ಲಿ ಮಿತವ್ಯಯವೆಂಬ ಗುಣವು ಎದೆಯಲ್ಲಿ ಹುಟ್ಟಿದ್ದಕ್ಕಿಂತ ಹೆಚ್ಚಾಗಿ ಮನೆಯ ಹೊಸ್ತಿಲ ಮೇಲೆ, ದಿನವೂ ಬಂದು ನಿಲ್ಲುವ ಎರಡನೆಯವನೊಬ್ಬನ ಸಮ್ಮುಖದಲ್ಲಿ ಹುಟ್ಟಿತೆಂದು ನನ್ನ ಅಭಿಪ್ರಾಯ.

ಜಿಲ್ಲೆಯ ಸ್ಥಿತಿಗತಿಯನ್ನು ಸ್ವಲ್ಪ ನೆನೆಯಬೇಕು. ಪಡುವಣ ಕಡಲಿಗೂ ಸಹ್ಯಾದ್ರಿಗೂ ನಡುವೆ ಇಕ್ಕಟ್ಟಾಗಿ ಮಲಗಿರುವ ಈ ನೆಲವು 1799ರಲ್ಲಿ ಟಿಪ್ಪುವಿನ ಪತನಾನಂತರ ಕುಂಪಣಿಯ ಕೈಸೇರಿ, 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಬೇರ್ಪಟ್ಟು ಹೋದ ಮೇಲೆ, 1956ರವರೆಗೂ ಮದ್ರಾಸಿನ ಆಡಳಿತದ ತೀರ ದೂರದ ಮೂಲೆಯಾಗಿ ಉಳಿದಿತ್ತು. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಉಡುಪಿಯವರಂತೂ ಕೊಂಕಣ ರೈಲ್ವೆಗಾಗಿ ಇಪ್ಪತ್ತನೆಯ ಶತಮಾನದ ಕೊನೆಯ ದಶಕದವರೆಗೆ ಕಾದರು. ಘಟ್ಟದ ಮೇಲಿನ ಕಾಫಿಯನ್ನು ಹಡಗಿಗೇರಿಸುವ ಬಂದರು, ಬಾಸೆಲ್ ಮಿಷನ್ನಿನವರು 1865ರಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆ, ಅದನ್ನು ನೋಡಿ ನೇತ್ರಾವತಿಯ ದಡದಲ್ಲಿ ಎದ್ದ ಇತರ ಕಾರ್ಖಾನೆಗಳು ಇವಿಷ್ಟನ್ನು ಬಿಟ್ಟರೆ ದೊಡ್ಡ ಉದ್ಯಮವೆಂದು ಹೇಳತಕ್ಕದ್ದೇನೂ ಇರಲಿಲ್ಲ. ಗಣಿಯಿಲ್ಲ, ಗಿರಣಿಯಿಲ್ಲ, ಮಳೆ ಮಾತ್ರ ಧಾರಾಳ. ಇಂತಹ ನೆಲದಿಂದ ಎದ್ದ ಎರಡು ಬ್ಯಾಂಕುಗಳು 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ ಹದಿನಾಲ್ಕರ ಪಟ್ಟಿಯಲ್ಲಿಯೂ, ಇನ್ನೆರಡು 1980ರ ಆರು ಬ್ಯಾಂಕುಗಳ ಪಟ್ಟಿಯಲ್ಲಿಯೂ ಸೇರಿದವೆಂದರೆ, ಬಂಡವಾಳವು ಬಂಡವಾಳವಿದ್ದಲ್ಲಿಯೇ ಹುಟ್ಟುತ್ತದೆಂಬ ಅರ್ಥಶಾಸ್ತ್ರದ ಮಾತನ್ನು ತುಸು ಎಚ್ಚರದಿಂದ ಆಡಬೇಕಾಗುತ್ತದೆ.

ಬ್ಯಾಂಕು ಬರುವುದಕ್ಕೆ ಮುಂಚೆ ಇಲ್ಲಿಯ ಸಂಪತ್ತು ಮುಡಿಯ ರೂಪದಲ್ಲಿತ್ತು. ಒಂದು ಮುಡಿ ಎಂದರೆ 42 ಸೇರು ಅಕ್ಕಿಯೆಂಬುದು ರೂಢಿಯ ಲೆಕ್ಕ. ಬೈಹುಲ್ಲನ್ನು ಹಾಸಿ ಅದರ ಮೇಲೆ ಅಕ್ಕಿ ಸುರಿದು, ಹುಲ್ಲಿನ ತುದಿಗಳನ್ನು ಒಟ್ಟುಗೂಡಿಸಿ, ಹುಲ್ಲಿನದೇ ಹಗ್ಗದಿಂದ ಸುತ್ತಿ, ಮರದ ಕೊಡತಿಯಿಂದ ಬಡಿದು ಬಡಿದು ದುಂಡಗೆ ಬಿಗಿಯುವ ಆ ಕಸುಬು ಸುಲಭದ್ದಲ್ಲ. ಚೆನ್ನಾಗಿ ಕಟ್ಟಿದ ಮುಡಿಯಲ್ಲಿ ಅಕ್ಕಿಯು ಮಳೆಗಾಲದ ತೇವವನ್ನೂ ಹುಳದ ಕಾಟವನ್ನೂ ತಡೆದುಕೊಂಡು ತಿಂಗಳುಗಟ್ಟಲೆ ಕೆಡದೆ ಉಳಿಯುತ್ತಿತ್ತು. ಗೇಣಿಯನ್ನು ಮುಡಿಯಲ್ಲಿ ಅಳೆದು ಕೊಡುತ್ತಿದ್ದರು, ಕೂಲಿಯನ್ನು ಅದರಿಂದ ಬಿಚ್ಚಿ ಕೊಡುತ್ತಿದ್ದರು, ಸಾಲವನ್ನೂ ಅದರಲ್ಲಿಯೇ ಎಣಿಸುತ್ತಿದ್ದರು. ಆದರೆ ಮುಡಿಯು ಇದ್ದವನ ಅಟ್ಟದಲ್ಲಿರುತ್ತಿತ್ತೇ ಹೊರತು ಚಾಲಗೇಣಿಯ ಒಕ್ಕಲಿನ ಮನೆಯಲ್ಲಿರುತ್ತಿರಲಿಲ್ಲ. ಆಟಿ ತಿಂಗಳ ಜಡಿಮಳೆಯಲ್ಲಿ ಹೊಲದ ಕೆಲಸ ನಿಂತು, ಕಡಲಿಗೆ ದೋಣಿ ಇಳಿಯದೆ, ಕೈಯಲ್ಲಿ ಕಾಸಿಲ್ಲದೆ ಕುಳಿತಿದ್ದವನು ಆ ಅಟ್ಟದ ಕಡೆಗೆ ನೋಡಿ ಅಂಗಳದಲ್ಲಿ ನಿಲ್ಲಬೇಕಾಗಿತ್ತು. ಅಲ್ಲಿ ಸಿಕ್ಕದಿದ್ದರೆ ಹೆಂಡತಿಯ ಕಿವಿಯ ಓಲೆಯನ್ನು ಸಾಹುಕಾರನಲ್ಲಿ ಅಡವಿಡಬೇಕಾಗಿತ್ತು.

ಬಡವರಲ್ಲಿಯೂ ಉಳಿತಾಯವು ಇರಲಿಲ್ಲವೆಂದಲ್ಲ. ಮನೆಯಲ್ಲಿ ಕಾಯಿಲೆ ಕಸಾಲೆಯುಂಟಾದಾಗ ತಿರುಪತಿಯ ತಿಮ್ಮಪ್ಪನಿಗೆ ಹರಕೆ ಹೊತ್ತು, ಅರಿಸಿನದ ಬಟ್ಟೆಯಲ್ಲಿ ನಾಣ್ಯವೊಂದನ್ನು ಕಟ್ಟಿ ದೇವರ ಮುಂದಿಟ್ಟು, ಕೈಯಾಡಿದಾಗಲೆಲ್ಲ ಅದಕ್ಕೆ ಮತ್ತೊಂದನ್ನು ಸೇರಿಸುತ್ತ ಹೋಗುವ ಮುಡಿಪಿನ ಪದ್ಧತಿಯು ಆ ಸೀಮೆಯ ಮನೆಮನೆಯಲ್ಲಿಯೂ ಇದ್ದಿತು. ಎಂತಹ ಕಷ್ಟ ಬಂದರೂ ಮುಡಿಪಿನ ಗಂಟಿಗೆ ಕೈಹಾಕುವವರಿರಲಿಲ್ಲ. ಅದರ ಕಾವಲಿಗೆ ಸಾಕ್ಷಾತ್ ವೇಂಕಟರಮಣನೇ ನಿಂತಿದ್ದನಷ್ಟೆ. ನೆರೆಹೊರೆಯ ಹತ್ತಿಪ್ಪತ್ತು ಮಂದಿ ಸೇರಿ ತಿಂಗಳು ತಿಂಗಳು ಹಣ ಹಾಕಿ, ಸರದಿಯಂತೆ ಇಲ್ಲವೆ ಸವಾಲಿನಂತೆ ಒಬ್ಬೊಬ್ಬರು ಒಟ್ಟು ಮೊಬಲಗನ್ನು ಎತ್ತಿಕೊಳ್ಳುವ ಕುರಿಯೆಂಬ ಏರ್ಪಾಡೂ ಉಂಟು. ಅಲ್ಲಿ ಕಾವಲು ದೇವರದಲ್ಲ, ನೆರೆಯವರದು: ಕಂತು ತಪ್ಪಿಸಿದವನು ನಾಳೆ ಅದೇ ಬಾವಿಕಟ್ಟೆಯಲ್ಲಿ ಅವರ ಮುಖ ನೋಡಬೇಕಲ್ಲವೆ? ಹಣವನ್ನು ಉಳಿಸುವುದಕ್ಕೆ ಬಡವನಿಗೆ ಬೇಕಾದುದು ಬುದ್ಧಿವಾದವಲ್ಲ, ಅವನ ಹಣವನ್ನು ಅವನಿಂದಲೇ ಕಾಪಾಡಿಕೊಡುವ ಒಬ್ಬ ಸಾಕ್ಷಿಯೆಂಬ ಸಂಗತಿಯನ್ನು ಈ ಎರಡು ಪದ್ಧತಿಗಳೂ ಎಂದೋ ಕಂಡುಕೊಂಡಿದ್ದವು. ಆದರೆ ಮುಡಿಪು ಬೆಟ್ಟಕ್ಕೆ ಹೋಗಿ ಹುಂಡಿಯನ್ನು ಸೇರುತ್ತಿತ್ತು, ಕುರಿಯು ಹತ್ತಿಪ್ಪತ್ತು ಮನೆಗಳಾಚೆಗೆ ಬೆಳೆಯಲಾರದಾಗಿತ್ತು.

ಸ್ವದೇಶಿ ಚಳವಳಿಯ ಗಾಳಿಯು ಬೀಸುತ್ತಿದ್ದ 1906ರಲ್ಲಿ, ಉಡುಪಿಯ ಸಾಹಸಕ್ಕೆ ನಾಲ್ಕು ತಿಂಗಳು ತುಂಬುವುದರೊಳಗಾಗಿಯೇ, ಜುಲೈ 1ರಂದು ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಎಂಬುದನ್ನು ಸ್ಥಾಪಿಸಿದರು. ಪೈಗಳು ಮುಲ್ಕಿಯಲ್ಲಿ ಹುಟ್ಟಿ ಮಂಗಳೂರಿನಲ್ಲಿ ವಕೀಲಿ ನಡೆಸಿದವರು. 1891ರಲ್ಲಿ ಕೆನರಾ ಹೈಸ್ಕೂಲನ್ನು, ಅದಾದ ಮೂರು ವರ್ಷಕ್ಕೆ ಹೆಣ್ಣುಮಕ್ಕಳ ಶಾಲೆಯನ್ನು ತೆರೆದವರು. ಸಾಲದ ಬಾಧೆಯಿಂದ ಕುಟುಂಬಗಳು ಬೀದಿಗೆ ಬೀಳುವುದನ್ನು ಕೋರ್ಟಿನ ಕಾಗದಪತ್ರಗಳಲ್ಲಿ ದಿನವೂ ಓದುತ್ತಿದ್ದ ವಕೀಲನೊಬ್ಬನಿಗೆ ಶಾಲೆಯಾದ ಮೇಲೆ ನಿಧಿಯ ಯೋಚನೆ ಬಂದುದು ಸಹಜವೇ ಸರಿ. 1909ರಲ್ಲಿಯೇ ಅವರು ತೀರಿಕೊಂಡುದರಿಂದ, ಮರುವರ್ಷ ಅದು ಕೆನರಾ ಬ್ಯಾಂಕ್ ಎಂದು ಹೆಸರು ಬದಲಿಸಿಕೊಂಡುದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ನಿಧಿಯು ಹುಟ್ಟಿದ 1906ರ ಅಕ್ಟೋಬರಿನಲ್ಲಿಯೇ ಮದ್ರಾಸಿನ ಆರ್ಬತ್‌ನಾಟ್ ಕಂಪನಿಯು ದಿವಾಳಿಯೆದ್ದಿತು. ಇಡೀ ಪ್ರಾಂತದ ನಿವೃತ್ತ ನೌಕರರೂ ವಿಧವೆಯರೂ ಜಮೀನ್ದಾರರೂ ಆ ಆಂಗ್ಲ ಸಂಸ್ಥೆಯ ಭವ್ಯವಾದ ಕಟ್ಟಡವನ್ನು ನಂಬಿ ಇಟ್ಟಿದ್ದ ಹಣವು ಮುಳುಗಿತು. ಅದರ ಯಜಮಾನನಾಗಿದ್ದ ಸರ್ ಜಾರ್ಜ್ ಆರ್ಬತ್‌ನಾಟನು ಸೆರೆಮನೆಗೆ ಹೋದನು. ಈ ಅನರ್ಥದ ಫಲವಾಗಿಯೇ ಮದ್ರಾಸಿನಲ್ಲಿ ವಿ. ಕೃಷ್ಣಸ್ವಾಮಿ ಅಯ್ಯರ್ ಮೊದಲಾದವರು ಸೇರಿ 1907ರಲ್ಲಿ ಇಂಡಿಯನ್ ಬ್ಯಾಂಕನ್ನು ಕಟ್ಟಿದರೆಂಬುದು ಪ್ರಸಿದ್ಧ. ಮಂಗಳೂರು ಉಡುಪಿಗಳ ಎಳೆಯ ಸಂಸ್ಥೆಗಳು ಕಣ್ಣು ಬಿಡುತ್ತಿರುವಾಗಲೇ ಇಂತಹ ಸಿಡಿಲು ಎರಗಿತು. ಹಣ ಇಡುವವನು ಕಟ್ಟಡವನ್ನೂ ಬಿಳಿಯ ಚರ್ಮವನ್ನೂ ನೋಡಿ ಇಡಬೇಕೋ, ತಾನು ಕಂಡು ಮಾತಾಡಿಸಬಹುದಾದ ಮನುಷ್ಯನನ್ನು ನೋಡಿ ಇಡಬೇಕೋ ಎಂಬ ಪ್ರಶ್ನೆಯು ಆ ವರ್ಷ ಪ್ರಾಂತದ ಎಲ್ಲ ಪಟ್ಟಣಗಳಲ್ಲಿಯೂ ಎದ್ದಿರಬೇಕು.

ಆಮೇಲೆ ಹುಟ್ಟಿದವುಗಳ ಸರಣಿಯನ್ನು ಇಲ್ಲಿ ವಿಸ್ತರಿಸುವುದಿಲ್ಲ. 1924ರಲ್ಲಿ ಮಂಗಳೂರಿನ ಕರ್ಣಾಟಕ ಬ್ಯಾಂಕ್. 1931ರ ಅಕ್ಟೋಬರಿನಲ್ಲಿ, ದಸರೆಯ ದಿನವೇ ಅತ್ತಾವರ ಬಾಲಕೃಷ್ಣ ಶೆಟ್ಟರು ಆರಂಭಿಸಿದ ವಿಜಯಾ ಬ್ಯಾಂಕ್. ಇವುಗಳ ಬಗಲಿನಲ್ಲಿಯೇ ಪುತ್ತೂರಿನ ಮೊಳಹಳ್ಳಿ ಶಿವರಾಯರು ಊರೂರು ಅಲೆದು ಕಟ್ಟಿದ ಸಹಕಾರ ಸಂಘಗಳು. ಸಹಕಾರದ ವಿಷಯದಲ್ಲಿ ಕನ್ನಡನಾಡಿನ ಹಿರಿಮೆಯು ಗದಗಿನ ಬಳಿಯ ಕಣಗಿನಹಾಳಕ್ಕೆ ಸಲ್ಲತಕ್ಕದ್ದು. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ನೆಲೆಗೊಳಿಸಿದ ಸಂಘದ ಕಥೆಗೆ ಬೇರೆಯೇ ಒಂದು ಪ್ರಬಂಧ ಬೇಕು.

ನನ್ನ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟುದು 1925ರಲ್ಲಿ ಉಡುಪಿಯಲ್ಲಿ 8,000 ರೂಪಾಯಿಗಳ ಬಂಡವಾಳದಿಂದ ಆರಂಭವಾದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಅದನ್ನು ಕಟ್ಟಿದವರು ಮೂವರು: ವ್ಯಾಪಾರಿಯಾಗಿದ್ದ ಉಪೇಂದ್ರ ಅನಂತ ಪೈಗಳು, ಅವರ ತಮ್ಮಂದಿರೂ ಉಡುಪಿಯಲ್ಲಿ ವೈದ್ಯವೃತ್ತಿಯನ್ನು ನಡೆಸುತ್ತಿದ್ದವರೂ ಆದ ಡಾಕ್ಟರ್ ಟಿ.ಎಂ.ಎ. ಪೈಗಳು, ಮತ್ತು ಎಂಜಿನಿಯರಾಗಿದ್ದ ವಾಮನ ಕುಡ್ವರು. ಅವರ ಮುಂದಿದ್ದ ಸಮಸ್ಯೆಯು ಕೈಮಗ್ಗದ ನೇಕಾರರದು. ಉಡುಪಿಯ ಸುತ್ತಣ ಹಳ್ಳಿಗಳಲ್ಲಿ ಶೆಟ್ಟಿಗಾರರ ಮನೆಗಳೆಂದರೆ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಲಾಳಿ ಎಸೆಯುವ ಗಂಡಸರು, ಅಂಗಳದಲ್ಲಿ ಹಾಸು ಹರಡಿ ಗಂಜಿ ಹಚ್ಚುವ ಹೆಂಗಸರು, ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುವ ಮಕ್ಕಳು, ಮನೆಯೇ ಕಾರ್ಖಾನೆ. ಇವರಿಗೆ ನೂಲು ಬರುತ್ತಿದ್ದುದು ವ್ಯಾಪಾರಿಯಿಂದ ಸಾಲವಾಗಿ, ಸೀರೆ ಹೋಗುತ್ತಿದ್ದುದು ಅದೇ ವ್ಯಾಪಾರಿಯ ಬಳಿಗೆ ಅವನು ಹೇಳಿದ ಬೆಲೆಗೆ. ಗಿರಣಿಯ ಬಟ್ಟೆಯು ಅಗ್ಗವಾಗಿ ಸಂತೆಗೆ ಬಂದು ಬಿದ್ದಾಗ ಈ ಸರಪಳಿಯಲ್ಲಿ ಮೊದಲು ಹಸಿದವನು ನೇಕಾರನೇ. ಅವನಿಗೆ ಸಾಲ ಕೊಟ್ಟರೆ ಸಾಲದ ಮೇಲೆ ಸಾಲವಾಗುತ್ತಿತ್ತು. ದಾನ ಕೊಟ್ಟರೆ ಎರಡು ಹೊತ್ತಿನ ಊಟವಾಗುತ್ತಿತ್ತು. ನೂಲನ್ನು ರೊಕ್ಕ ಕೊಟ್ಟು ಕೊಳ್ಳಬಲ್ಲಷ್ಟು ಹಣವು ಅವನದೇ ಆಗಿ ಅವನ ಕೈಯಲ್ಲಿರಬೇಕು. ಅದನ್ನು ಅವನೇ ಕೂಡಿಸಬೇಕು. ಕೂಡಿಸುವುದಾದರೂ ಎಂತು?

1928ರಲ್ಲಿ ಬ್ರಹ್ಮಾವರದಲ್ಲಿ ತನ್ನ ಮೊದಲನೆಯ ಶಾಖೆಯನ್ನು ತೆರೆದ ಅದೇ ವರ್ಷ ಸಿಂಡಿಕೇಟು ಈ ಪ್ರಶ್ನೆಗೆ ಕೊಟ್ಟ ಉತ್ತರವೇ ಪಿಗ್ಮಿ ಠೇವಣಿ. ದಿನಕ್ಕೆ ಎರಡಾಣೆ ಕೊಟ್ಟರೆ ಸಾಕು. ಅದನ್ನು ಬ್ಯಾಂಕಿಗೆ ತರಬೇಕಾದುದೂ ಇಲ್ಲ, ಬ್ಯಾಂಕಿನ ಮನುಷ್ಯನೇ ಬಾಗಿಲಿಗೆ ಬಂದು ಕೊಂಡುಹೋಗುತ್ತಾನೆ. ಲೆಕ್ಕ ಹಾಕಿ ನೋಡಿ: ಎರಡಾಣೆಯಂತೆ ಮೂವತ್ತು ದಿನಕ್ಕೆ 3 ರೂಪಾಯಿ 12 ಆಣೆ, ಒಂದು ದಿನವೂ ತಪ್ಪದಿದ್ದರೆ ವರ್ಷಕ್ಕೆ 45 ರೂಪಾಯಿ 10 ಆಣೆ, ಮೇಲೆ ಬಡ್ಡಿ. ಒಟ್ಟಿಗೆ ಐದು ರೂಪಾಯಿಯ ಮುಖವನ್ನೇ ಕಾಣದವನ ಪಾಲಿಗೆ ಇದು ನೂಲಿನ ಮೂಟೆ, ಮಗಳ ಮದುವೆ, ಅಡವಿನಿಂದ ಬಿಡಿಸಿ ತಂದ ಓಲೆ. ಯೋಜನೆಯ ಸರಳತೆಯನ್ನು ನೋಡಿ ಇಂದು ಯಾರಾದರೂ ಇದರಲ್ಲೇನು ಪ್ರತಿಭೆಯಿದೆಯೆಂದು ಕೇಳಬಹುದು. ಆ ಕಾಲದ ಬ್ಯಾಂಕೆಂದರೆ ಕಟಕಟೆಯ ಹಿಂದೆ ಕುಳಿತು, ಹಣವಿದ್ದವನು ಮೆಟ್ಟಿಲು ಹತ್ತಿ ಬರಲೆಂದು ಕಾಯುವ ಸಂಸ್ಥೆ. ಪಂಚೆಯನ್ನು ಮೊಣಕಾಲ ಮೇಲೆ ಕಟ್ಟಿದವನು ಆ ಮೆಟ್ಟಿಲು ಹತ್ತುವುದಿಲ್ಲವೆಂಬುದನ್ನೂ, ಹತ್ತಿದರೂ ಎರಡಾಣೆಯನ್ನು ಮೇಜಿನ ಮೇಲಿಡುವುದಕ್ಕೆ ನಾಚುವನೆಂಬುದನ್ನೂ ಮನಗಂಡು, ಸಂಸ್ಥೆಯೇ ಮೆಟ್ಟಿಲಿಳಿದು ಹೋದುದರಲ್ಲಿ ಪ್ರತಿಭೆಗಿಂತ ದೊಡ್ಡದಾದ ಸೌಜನ್ಯವಿದೆ.

ಕರಾವಳಿಯ ಪೇಟೆಗಳಲ್ಲಿ ಬೆಳೆದವರು ಪಿಗ್ಮಿಯವನನ್ನು ಮರೆತಿರಲಾರರು. ಮಧ್ಯಾಹ್ನದ ಬಿಸಿಲು ಇಳಿಯುತ್ತಿದ್ದಂತೆ, ಕಂಕುಳಲ್ಲಿ ಚೀಲ, ಜೇಬಿನಲ್ಲಿ ಎರಡು ಬಣ್ಣದ ಲೇಖನಿ, ಮಳೆಗಾಲವಾದರೆ ಬೆನ್ನ ಹಿಂದೆ ಅಂಗಿಯ ಕಾಲರಿಗೆ ಸಿಕ್ಕಿಸಿದ ಉದ್ದ ಕೊಡೆ, ಇಷ್ಟರೊಡನೆ ಅವನು ಸೈಕಲನ್ನು ರಥಬೀದಿಯ ಮೂಲೆಯಲ್ಲಿ ಒರಗಿಸಿ ಹೊರಡುತ್ತಿದ್ದನು. ಹೂವಿನ ಅಂಗಡಿ, ಬೀಡಾದ ಗೂಡು, ಕ್ಷೌರದಂಗಡಿ, ಹೊಟೇಲಿನ ಗಲ್ಲಾಪೆಟ್ಟಿಗೆ, ಅದರ ಹಿಂದೆ ಪಾತ್ರೆ ತೊಳೆಯುವ ಹುಡುಗ, ಹೀಗೆ ಅವನ ದಾರಿಯು ಗಡಿಯಾರದಷ್ಟು ನಿಯತವಾಗಿತ್ತು. ಗಿರಾಕಿಯ ಮುಂದೆ ನಿಂತು, ಕಾರ್ಡು ತೆಗೆದು, ತಾರೀಖಿನ ಮನೆಯಲ್ಲಿ ಮೊಬಲಗು ಬರೆದು, ಚಿಕ್ಕದೊಂದು ರುಜು ಹಾಕಿ, ಅದನ್ನು ಅವನ ಕಣ್ಣಿಗೆ ಬೀಳುವಂತೆ ತಿರುಗಿಸಿ ಹಿಡಿಯುವುದು ಪದ್ಧತಿ. ಓದು ಬಾರದವನೂ ತನ್ನ ಕಾರ್ಡಿನ ಖಾಲಿ ಮನೆಗಳೆಷ್ಟೆಂಬುದನ್ನು ಎಣಿಸಬಲ್ಲವನಾಗಿದ್ದನು. ಮೀನಿನ ಬುಟ್ಟಿಯ ಮುಂದೆ ಕುಳಿತ ಮೊಗವೀರ ಹೆಂಗಸು ಸೊಂಟದ ಚೀಲದಿಂದ ಒದ್ದೆ ನಾಣ್ಯವನ್ನು ತೆಗೆದು ಕೊಡುತ್ತ, “ಇವತ್ತು ಬಂಗುಡೆಯೇ ಬೀಳಲಿಲ್ಲ ಮಾರಾಯರೆ, ಇದೊಂದು ಬರ್ಕೊಳ್ಳಿ, ನಾಳೆ ನೋಡುವ” ಎನ್ನುವಳು. ಅವನು, “ಆಯ್ತಕ್ಕ, ಅವಸರ ಇಲ್ಲ, ನಾಳೆಯೂ ನಾನು ಇದೇ ಹೊತ್ತಿಗೆ ಬರ್ತೇನೆ” ಎಂದು ಹೇಳಿ ಮುಂದಕ್ಕೆ ಹೋಗುವನು. ಬೆದರಿಕೆಯೂ ಅಲ್ಲದ, ಉಪದೇಶವೂ ಅಲ್ಲದ ಆ ಕೊನೆಯ ಮಾತಿನಲ್ಲಿ ಎಷ್ಟು ಬಲವಿತ್ತೆಂಬುದನ್ನು ಬಲ್ಲವರೇ ಬಲ್ಲರು. ಮಾರನೆಯ ದಿನ ಅವನು ನಿಜವಾಗಿಯೂ ಬರುತ್ತಿದ್ದನು.

ಹನಿಗೂಡಿದರೆ ಹಳ್ಳವೆಂಬ ಗಾದೆಯನ್ನು ಶಾಲೆಯಲ್ಲಿ ಕಲಿಯದವರಿಲ್ಲ. ಆದರೆ ಕರಾವಳಿಯ ಮಳೆಯನ್ನು ಕಂಡವನಿಗೆ ಗೊತ್ತು, ತೋಡು ತೋಡಿಟ್ಟಿದ್ದಲ್ಲಿ ಮಾತ್ರ ಹನಿಯು ಹಳ್ಳವಾಗುತ್ತದೆ, ಉಳಿದುದೆಲ್ಲವೂ ಹೊಯಿಗೆಯಲ್ಲಿ ಇಂಗಿ ಹೋಗುತ್ತದೆ. ಪಿಗ್ಮಿಯವನ ದಿನಚರಿಯೇ ಆ ತೋಡು. ಆ ನೇಕಾರನೂ ಮೀನು ಮಾರುವವಳೂ 1928ಕ್ಕೆ ಮುಂಚೆ ದುಂದುಗಾರರಾಗಿದ್ದು ಆಮೇಲೆ ಹಠಾತ್ತನೆ ಸಂಯಮಿಗಳಾದರೆಂದು ಯಾರೂ ಹೇಳಲಾರರು. ಮೊದಲಿನಿಂದಲೂ ಇದ್ದ ಅವರ ವಿವೇಕಕ್ಕೆ ಸಂಜೆಯ ಹೊತ್ತಿನಲ್ಲಿ ಒಂದು ಮುಖವೂ ಒಂದು ಕೈಯೂ ಸಿಕ್ಕಿತು. ಎರಡಾಣೆಯನ್ನು ಮನೆಯ ಮಡಕೆಯಲ್ಲಿಟ್ಟರೆ ಅದನ್ನು ಕೇಳುವ ಕೈಗಳು ಹಲವು: ಜ್ವರ ಬಂದ ಮಗು, ಕಳ್ಳಿನಂಗಡಿಗೆ ಹೊರಟ ಗಂಡ, ಅಳಿಯನೊಡನೆ ಬಂದಿಳಿದ ನಾದಿನಿ. ಪಿಗ್ಮಿಯವನ ಚೀಲಕ್ಕೆ ಬಿದ್ದುದನ್ನು ಅವರಾರೂ ಕೇಳುವಂತಿರಲಿಲ್ಲ. ಅವಧಿಗೆ ಮುಂಚೆ ತೆಗೆದರೆ ಬಡ್ಡಿ ಹೋಗುವುದೆಂಬ ನೆವವು ಬೇಡವೆಂದು ಹೇಳುವುದಕ್ಕೆ ಸಾಕಾಗಿತ್ತು. ಹೆಂಗಸರು ತಮ್ಮ ಗಂಡಂದಿರಿಗೆ ತಿಳಿಸದೆಯೇ ಪಿಗ್ಮಿ ಕಟ್ಟುತ್ತಿದ್ದ ಮನೆಗಳೂ ಇಲ್ಲದಿರಲಿಲ್ಲ.

ಇದರ ಇನ್ನೊಂದು ಮುಖವನ್ನು ವ್ಯಾಪಾರದ ವಿದ್ಯೆಯನ್ನು ಕಲಿಸತಕ್ಕವರು ಹೆಚ್ಚಾಗಿ ಗಮನಿಸಿದಂತೆ ಕಾಣುವುದಿಲ್ಲ. ದಿನವೂ ಬೀದಿಯಲ್ಲಿ ಅಲೆಯುವ ಈ ಮನುಷ್ಯನು ಬ್ಯಾಂಕಿಗೆ ಹಣದೊಡನೆ ತಿಳಿವಳಿಕೆಯನ್ನೂ ಹೊತ್ತು ತರುತ್ತಿದ್ದನು. ಯಾವ ಅಂಗಡಿಯವನು ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯುತ್ತಾನೆ, ಯಾರ ಹಲಗೆಯ ಮೇಲೆ ಸಾಮಾನು ಕಡಿಮೆಯಾಗುತ್ತ ಬಂದಿದೆ, ಯಾವ ಹೊಟೇಲಿನಲ್ಲಿ ಅಡುಗೆಯ ಭಟ್ಟರು ಬಿಟ್ಟುಹೋದರು, ಯಾರ ಮಗನು ಇಸ್ಪೀಟಿಗೆ ಬಿದ್ದಿದ್ದಾನೆ ಎಂಬುದೆಲ್ಲವೂ ಅವನಿಗೆ ಗೊತ್ತು. ಇನ್ನೂರು ದಿನ ತಪ್ಪದೆ ಎರಡಾಣೆ ಕಟ್ಟಿದವನ ಕಾರ್ಡು, ಆಸ್ತಿಯ ದಾಖಲೆಯಿಲ್ಲದವನ ಪಾಲಿಗೆ ಒಂದು ಬಗೆಯ ಜಾಮೀನಾಗಿ ಪರಿಣಮಿಸಿತೆಂದರೆ ಅತಿಶಯೋಕ್ತಿಯಲ್ಲ. ಅತ್ತ ಸಂಸ್ಥೆಯ ಕಡೆಯಿಂದಲೂ ಅಷ್ಟೇ ನಿಷ್ಠೆ ಬೇಕಾಗಿತ್ತು. ಸಂಜೆ ಚೀಲವನ್ನು ಮೇಜಿನ ಮೇಲೆ ಸುರಿದು, ಕಾರ್ಡುಗಳ ಮೊತ್ತಕ್ಕೂ ನಾಣ್ಯಗಳ ಮೊತ್ತಕ್ಕೂ ತಾಳೆ ನೋಡಿ, ರೋಜುಕೀರ್ದಿಗೆ ಏರಿಸುವವರೆಗೆ ಗುಮಾಸ್ತನು ಮನೆಗೆ ಹೋಗುವಂತಿರಲಿಲ್ಲ. ಒಂದಾಣೆ ಹೆಚ್ಚು ಬಂದರೂ ಕಡಿಮೆ ಬಂದಷ್ಟೇ ತಲೆನೋವು. ಪ್ರತಿವರ್ಷ ಬಲಿಪಾಡ್ಯಮಿಗೆ ಲೆಕ್ಕದ ಪುಸ್ತಕಕ್ಕೆ ಕುಂಕುಮ ಹಚ್ಚಿ ಪೂಜೆ ಮಾಡುವ ಸೀಮೆಯಲ್ಲಿ ಈ ಶ್ರದ್ಧೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಹೀಗೆ ಹೊಗಳುತ್ತ ಹೋಗುವಾಗ ಮರೆಯಬಾರದ ಸಂಗತಿಗಳೂ ಉಂಟು. ಈ ಬ್ಯಾಂಕುಗಳು ಮೊದಮೊದಲು ಒಂದೊಂದು ಜನವರ್ಗದ ನೆಲಗಟ್ಟಿನ ಮೇಲೆ ಎದ್ದವು; ಗೌಡ ಸಾರಸ್ವತರು, ಬಂಟರು, ಶಿವಳ್ಳಿ ಕೋಟದ ಬ್ರಾಹ್ಮಣರು, ಕ್ರೈಸ್ತರು, ಮುಸಲ್ಮಾನರು ತಮ್ಮತಮ್ಮವರ ನಂಬಿಕೆಯನ್ನೇ ಮೊದಲ ಬಂಡವಾಳವಾಗಿಸಿಕೊಂಡರು. ಪರಿಚಯವೇ ಆಧಾರವಾದ ವ್ಯವಹಾರದಲ್ಲಿ ಪರಿಚಯದ ವರ್ತುಲದಿಂದ ಹೊರಗಿದ್ದವನಿಗೆ ಸಾಲ ಸಿಕ್ಕುವುದು ಕಷ್ಟವಾಗಿದ್ದಿತೆಂಬುದನ್ನು ಹೇಳದಿದ್ದರೆ ಚರಿತ್ರೆಗೆ ಅಪಚಾರವಾದೀತು. ಬಾಗಿಲಿಗೆ ಬಂದು ಎರಡಾಣೆ ಒಯ್ಯುವವನು ಎಲ್ಲರ ಬಾಗಿಲಿಗೂ ಬಂದನು; ಸಾಲದ ಅರ್ಜಿಯು ಮಾತ್ರ ಎಲ್ಲರ ಬಾಗಿಲಿಗೂ ಬರಲಿಲ್ಲ. ಅದಲ್ಲದೆ ಪರಿಚಯವು ಯಾವಾಗಲೂ ರಕ್ಷೆಯೂ ಅಲ್ಲ. 1938ರಲ್ಲಿ ತಿರುವಾಂಕೂರು ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕು ಕುಸಿದುಬಿದ್ದಾಗ ದಕ್ಷಿಣದೇಶದಲ್ಲೆಲ್ಲ ಸಣ್ಣ ಬ್ಯಾಂಕುಗಳ ಹೆಸರು ಕೇಳಿದರೆ ಜನರು ಬೆಚ್ಚುವಂತಾಯಿತು. 1960ರಲ್ಲಿ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಳುಗಿದ ಮೇಲೆಯೇ ಠೇವಣಿದಾರರ ಹಣಕ್ಕೆ ವಿಮೆಯ ಕಾನೂನು ಬಂದಿತು. ಅದುವರೆಗೂ ಮೀನು ಮಾರುವವಳ ಎರಡಾಣೆಗೆ ಇದ್ದ ಭದ್ರತೆಯೆಂದರೆ ಆಡಳಿತ ನಡೆಸುವವರ ಸಜ್ಜನಿಕೆ, ಅಷ್ಟೆ.

1957ರ ಏಪ್ರಿಲಿನಲ್ಲಿ ದಶಮಾಂಶ ನಾಣ್ಯಪದ್ಧತಿ ಬಂದು ಎರಡಾಣೆಯು ಹನ್ನೆರಡು ನಯಾಪೈಸೆಯಾಯಿತು. 1964ರಲ್ಲಿ ಸಿಂಡಿಕೇಟು ತನ್ನ ಮುಖ್ಯ ಕಚೇರಿಯನ್ನು, ವೈದ್ಯ ಪೈಗಳು 1953ರಲ್ಲಿ ಮೆಡಿಕಲ್ ಕಾಲೇಜನ್ನು ಕಟ್ಟಿದ್ದ ಮಣಿಪಾಲದ ಗುಡ್ಡಕ್ಕೆ ಸಾಗಿಸಿ ಸಿಂಡಿಕೇಟ್ ಬ್ಯಾಂಕ್ ಎಂಬ ಚಿಕ್ಕ ಹೆಸರನ್ನು ತಾಳಿತು. ಅದರ ಪಿಗ್ಮಿಯನ್ನು ನೋಡಿ ಇತರರೂ ತಮ್ಮತಮ್ಮ ದಿನವಹಿ ಠೇವಣಿಗಳನ್ನು ಆರಂಭಿಸಿದರು. ಕೆನರಾ ಬ್ಯಾಂಕಿನವರು ಅದಕ್ಕೆ ನಿತ್ಯನಿಧಿಯೆಂಬ ಸುಸಂಸ್ಕೃತವಾದ ಹೆಸರನ್ನಿಟ್ಟರು. ಪೇಟೆಯ ಜನರು ಅದನ್ನೂ ಪಿಗ್ಮಿಯೆಂದೇ ಕರೆದರು. ರಾಷ್ಟ್ರೀಕರಣವಾದ ಆರು ವರ್ಷಕ್ಕೆ, 1975ರ ಗಾಂಧೀಜಯಂತಿಯಂದು, ದೇಶದ ಮೊತ್ತಮೊದಲನೆಯ ಗ್ರಾಮೀಣ ಬ್ಯಾಂಕು ಉತ್ತರಪ್ರದೇಶದ ಮೊರಾದಾಬಾದಿನಲ್ಲಿ ಪ್ರಥಮಾ ಎಂಬ ಹೆಸರಿನಿಂದ ತೆರೆದಾಗ ಅದರ ಬೆನ್ನಿಗೆ ನಿಂತದ್ದು ಈ ಸಿಂಡಿಕೇಟ್ ಬ್ಯಾಂಕೇ. ಶೆಟ್ಟಿಗಾರರ ಮಗ್ಗದ ಗುಂಡಿಯಿಂದ ಹೊರಟ ವಿಚಾರವು ಗಂಗೆಯ ಬಯಲಿನ ಹಿತ್ತಾಳೆಯ ಊರನ್ನು ಮುಟ್ಟುವುದಕ್ಕೆ ಸುಮಾರು ಐವತ್ತು ವರ್ಷ ಬೇಕಾಯಿತು.

ಇಷ್ಟೆಲ್ಲ ಬಂಡವಾಳವನ್ನು ಕಾಲ್ನಡಿಗೆಯಲ್ಲಿ ಹೊತ್ತು ತಂದವನ ಗತಿಯೇನಾಯಿತೆಂದು ಕೇಳುವುದು ನ್ಯಾಯ. ಅವನು ಬ್ಯಾಂಕಿನ ನೌಕರನಾಗಿರಲಿಲ್ಲ. ಸಂಗ್ರಹಿಸಿದ ಮೊತ್ತದ ಮೇಲೆ ನೂರಕ್ಕಿಷ್ಟೆಂಬ ಕಮಿಷನ್ನಿನಿಂದ ಬದುಕುವ ಏಜೆಂಟನಾಗಿದ್ದನು. ಇತರರಿಗೆ ಮುಪ್ಪಿನ ಕಾಲದ ಗಂಟನ್ನು ಕಟ್ಟಿಸಿಕೊಟ್ಟ ಅವನಿಗೆ ಪಿಂಚಣಿಯಾಗಲಿ ಗ್ರಾಚ್ಯುಯಿಟಿಯಾಗಲಿ ಇರಲಿಲ್ಲ. ಈ ಸಂಗ್ರಾಹಕರ ಮೊರೆಯು ಹೈದರಾಬಾದಿನ ಕೈಗಾರಿಕಾ ನ್ಯಾಯಾಧಿಕರಣಕ್ಕೆ ಹೋಗಿ, 1988ರಲ್ಲಿ ಅಲ್ಲಿ ಅವರ ಪರವಾಗಿ ತೀರ್ಪಾಗಿ, ಬ್ಯಾಂಕುಗಳು ಅದನ್ನು ಪ್ರಶ್ನಿಸಿ, ಕೊನೆಗೆ 2001ರಲ್ಲಿ ಸುಪ್ರೀಂ ಕೋರ್ಟು ಇ‍ವರೂ ಕಾರ್ಮಿಕರೇ ಹೌದೆಂದು ಒಪ್ಪಿಕೊಂಡಿತು. ಆದರೆ ಖಾಯಂ ನೌಕರರ ಸಂಬಳವು ಇವರಿಗೆ ಸಲ್ಲುವುದಿಲ್ಲವೆಂದೂ ಹೇಳಿತು. ಎಪ್ಪತ್ತು ವರ್ಷಗಳ ನಡಿಗೆಗೆ ಸಿಕ್ಕಿದ ಈ ಅರೆ ನ್ಯಾಯವನ್ನು, ಸಣ್ಣ ಉಳಿತಾಯದ ಮಹಿಮೆಯನ್ನು ವರ್ಣಿಸುವ ಭಾಷಣಗಳಲ್ಲಿ ನಾನು ಎಂದೂ ಕೇಳಿಲ್ಲ.

2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನಲ್ಲಿಯೂ, ಮರುವರ್ಷ ಅದೇ ದಿನ ಸಿಂಡಿಕೇಟು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದವು. ಹೆಸರು ಹೋದುದಕ್ಕೆ ಜಿಲ್ಲೆಯವರು ಪ್ರತಿಭಟನೆ ಮಾಡಿದರು, ಪತ್ರಿಕೆಗಳಿಗೆ ಬರೆದರು. ಸುಬ್ಬರಾವ್ ಪೈಗಳ ಬ್ಯಾಂಕೊಂದು ಕರ್ಣಾಟಕ ಬ್ಯಾಂಕಿನೊಡನೆ ಹಳೆಯ ಗುರುತಿನ ಹಲಗೆಯನ್ನು ಉಳಿಸಿಕೊಂಡಿತು. ಮೊಬೈಲಿನಲ್ಲಿ ಒಮ್ಮೆ ಅಪ್ಪಣೆ ಕೊಟ್ಟರೆ ದಿನವೂ ಹತ್ತು ರೂಪಾಯಿಯನ್ನು ತಾನಾಗಿಯೇ ಕಡಿದು ಬೇರೆ ಖಾತೆಗೆ ಹಾಕುವ ಉಪಾಯಗಳು ಈಗ ಬೇಕಾದಷ್ಟಿವೆ. ಅವುಗಳಲ್ಲಿ ಅನುಕೂಲವುಂಟು, ಖರ್ಚು ಕಡಿಮೆ. ಆದರೆ ಅಪ್ಪಣೆಯನ್ನು ಕೊಟ್ಟ ಬೆರಳೇ ಅದನ್ನು ಹಿಂತೆಗೆದುಕೊಳ್ಳಬಲ್ಲುದು, ನಡುವೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಉಡುಪಿ ಮಂಗಳೂರುಗಳ ಸಹಕಾರಿ ಸಂಘಗಳು ಮಾತ್ರ ಹಳೆಯ ದಾರಿಯನ್ನು ಬಿಟ್ಟುಕೊಟ್ಟಿಲ್ಲ. ಅವುಗಳ ಪಿಗ್ಮಿಯವರು ಸೈಕಲಿನ ಬದಲು ಸ್ಕೂಟರಿನಲ್ಲಿ ಬಂದು, ಕಾರ್ಡಿನ ಬದಲು ಅಂಗೈಯಗಲದ ಯಂತ್ರದಿಂದ ಚೀಟಿ ಹರಿದು ಕೊಟ್ಟು, ಗೂಡಂಗಡಿಯ ಮುಂದೆ ಎರಡು ನಿಮಿಷ ನಿಂತು, ಕಮಿಷನ್ನು ಸಾಲದೆಂದು ಅಂಗಡಿಯವನೊಡನೆ ಗೊಣಗಿಕೊಂಡು, ಮುಂದಿನ ಬಾಗಿಲಿಗೆ ಹೋಗುತ್ತಾರೆ.